ವಾಕ್ಯಕ್ಕೆ ಹೆಸರಿಡಲು ಬರುತ್ತದೆ, ಕಟ್ಟಲು?

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಏಳನೇ ತರಗತಿ ಓದುವ ಮಗುವಿದ್ದರೆ ಅದರ ಇಂಗ್ಲಿಷ್ ನೋಟ್‌ಬುಕ್ ಒಮ್ಮೆ ತೆಗೆದು ನೋಡಿ. ಎಲ್ಲೋ ಒಂದು ಪುಟದಲ್ಲಿ ‘ಕೈಂಡ್ಸ್ ಆಫ್ ಸೆಂಟೆನ್ಸಸ್’ ಎಂಬ ತಲೆಬರಹ ಇರುತ್ತದೆ. ಅದರ ಕೆಳಗೆ ಎರಡು ಗೆರೆ, ಆಮೇಲೆ ನಾಲ್ಕು ಹೆಸರು: ಅಸರ್ಟಿವ್, ಇಂಟರಾಗೆಟಿವ್, ಇಂಪೆರೆಟಿವ್, ಎಕ್ಸ್‌ಕ್ಲಮೇಟರಿ. ಒಂದೊಂದಕ್ಕೂ ಒಂದು ಸಾಲಿನ ವ್ಯಾಖ್ಯೆ, ಎರಡು ಉದಾಹರಣೆ. ಕೇಳಿದರೆ ಮಗು ಪಟಪಟನೆ ಒಪ್ಪಿಸುತ್ತದೆ. ಅದೇ ಮಗುವಿಗೆ ‘ನಿನ್ನೆ ಶಾಲೆಗೆ ಯಾಕೆ ಬರಲಿಲ್ಲ ಅಂತ ನಿನ್ನ ಗೆಳತಿಯನ್ನು ಇಂಗ್ಲಿಷ್‌ನಲ್ಲಿ ಕೇಳು’ ಎಂದು ಹೇಳಿ ನೋಡಿ. ‘ವೈ ಯೂ ನಾಟ್ ಕಮ್ ಯೆಸ್ಟರ್‌ಡೇ?’ ಎನ್ನುತ್ತದೆ, ಇಲ್ಲವೇ ನಾಚಿ ಒಳಗೆ ಓಡುತ್ತದೆ.

ಇಂಟರಾಗೆಟಿವ್ ಎಂದರೇನು ಎಂದು ಹೇಳಬಲ್ಲ ಮಗುವಿಗೆ ಒಂದು ಪ್ರಶ್ನೆ ಕೇಳಲು ಬರುವುದಿಲ್ಲ. ನಮ್ಮ ಹಿರಿಯ ಪ್ರಾಥಮಿಕ ತರಗತಿಗಳ ಇಂಗ್ಲಿಷ್ ಪಾಠದ ತೊಡಕು ಇರುವುದು ಇಲ್ಲೇ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಮಟ್ಟಿಗೆ ಇದು ಬರೀ ವ್ಯಾಕರಣದ ವಿಷಯವೂ ಅಲ್ಲ, ಮುಂದೆ ಕೈಗೆ ಸಿಗುವ ಕೆಲಸದ ವಿಷಯ.

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುವಾದದ್ದು 2007–08ರಲ್ಲಿ. 2019–20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲಾಯಿತು. 2024–25ರ ಬಜೆಟ್‌ನಲ್ಲಿ ಇನ್ನೂ ಎರಡು ಸಾವಿರ ಶಾಲೆಗಳನ್ನು ದ್ವಿಭಾಷಾ ಶಾಲೆ ಮಾಡುವ ಘೋಷಣೆ ಬಂತು. ಮಾಧ್ಯಮ ಯಾವುದಿರಬೇಕು ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2014ರಲ್ಲಿ ತೀರ್ಪೂ ಬಂದಿದೆ. ಎಷ್ಟು ಶಾಲೆ, ಯಾವ ತರಗತಿಯಿಂದ, ಯಾವ ಮಾಧ್ಯಮ ಎಂಬುದರ ಬಗ್ಗೆ ಇಷ್ಟೆಲ್ಲ ಮಾತಾಡಿದ್ದೇವೆ. ಬೋರ್ಡಿನ ಮೇಲೆ ಬರೆಯುವ ವಾಕ್ಯದ ಬಗ್ಗೆ ಮಾತಾಡಿದ್ದು ಕಡಿಮೆ. ಗ್ರಾಮೀಣ ಭಾರತದಲ್ಲಿ 2022ರಲ್ಲಿ ನಡೆದ ‘ಅಸರ್’ ಸಮೀಕ್ಷೆಯಲ್ಲಿ ಎಂಟನೇ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 46.7. ಆರು ವರ್ಷ ಹಿಂದೆ, 2016ರಲ್ಲಿ, ಅದು ಶೇ 45.3 ಇತ್ತು. ಇದು ಓದುವುದರ ಲೆಕ್ಕ. ಸ್ವಂತವಾಗಿ ಕಟ್ಟುವುದರ ಲೆಕ್ಕವಲ್ಲ.

ಮಕ್ಕಳು ದಡ್ಡರಲ್ಲ. ಅವರ ತಪ್ಪುಗಳನ್ನು ಸ್ವಲ್ಪ ನಿಂತು ನೋಡಿದರೆ ಅದು ಗೊತ್ತಾಗುತ್ತದೆ. ‘ಯೂ ವೆಂಟ್ ಟು ಹಂಪಿ ಆ?’ ಎಂದು ಕೇಳುವ ಹುಡುಗ ಕನ್ನಡದ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ‘ಹಂಪಿಗೆ ಹೋದೆ’ ಎಂಬುದಕ್ಕೆ ಕೊನೆಯಲ್ಲಿ ಒಂದು ‘ಆ’ ಹಚ್ಚಿದರೆ ಕನ್ನಡದಲ್ಲಿ ಪ್ರಶ್ನೆ ತಯಾರು. ಆ ‘ಆ’ವನ್ನು ಬೇಕಾದ ಕಡೆ ಹಚ್ಚಬಹುದು ಕೂಡ: ನೀನಾ ಹೋದದ್ದು? ಹಂಪಿಗಾ? ನಿನ್ನೆಯಾ? ಇಂಗ್ಲಿಷ್‌ನಲ್ಲಿ ಹಾಗಲ್ಲ. ‘ಯೂ ವೆಂಟ್’ ಎಂಬುದು ಪ್ರಶ್ನೆಯಾಗಬೇಕಾದರೆ ಎಲ್ಲೂ ಇಲ್ಲದ ‘ಡಿಡ್’ ಬರಬೇಕು, ಅದು ಕರ್ತೃವಿಗಿಂತ ಮುಂದೆ ಹೋಗಿ ನಿಲ್ಲಬೇಕು, ‘ವೆಂಟ್’ ಎಂಬುದು ಮತ್ತೆ ‘ಗೋ’ ಆಗಬೇಕು. ಒಂದು ಅಕ್ಷರದ ಕೆಲಸಕ್ಕೆ ಮೂರು ಬದಲಾವಣೆ. ‘ಎ ಸೆಂಟೆನ್ಸ್ ದಟ್ ಆಸ್ಕ್ಸ್ ಎ ಕ್ವೆಶ್ಚನ್’ ಎಂಬ ವ್ಯಾಖ್ಯೆ ಈ ಮೂರರಲ್ಲಿ ಒಂದನ್ನೂ ಹೇಳಿಕೊಡುವುದಿಲ್ಲ. ನಮ್ಮಲ್ಲಿ ಹೀಗೆ, ಅವರಲ್ಲಿ ಹಾಗೆ ಎಂದು ಎರಡೂ ವಾಕ್ಯಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಐದನೇ ತರಗತಿಯ ಮಗುವಿಗೂ ತಿಳಿಯುತ್ತದೆ.

ಹೇಳಿಕೆಯ ವಾಕ್ಯದ್ದೂ ಇದೇ ಕಥೆ. ‘ಇದು ವಿರೂಪಾಕ್ಷ ದೇವಸ್ಥಾನ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಹಾಗಾಗಿ ‘ದಿಸ್ ವಿರೂಪಾಕ್ಷ ಟೆಂಪಲ್’ ಎಂದು ಬಾಯಿಗೆ ಬರುವುದು ಸಹಜ. ಉದ್ಗಾರವೊಂದೇ ಸುಲಭ, ಆದರೆ ಅದನ್ನೇ ಕಷ್ಟ ಮಾಡಿ ಕಲಿಸುತ್ತೇವೆ. ‘ವಾಟ್ ಎ’ ಎಲ್ಲಿ, ‘ಹೌ’ ಎಲ್ಲಿ ಎಂದು ನಿಯಮ ಬರೆಸುತ್ತೇವೆ. ‘ಎಂಥ ಗುಡಿ!’, ‘ಎಷ್ಟು ಎತ್ತರ!’ ಎಂದು ನಾವು ದಿನಾ ಹೇಳುತ್ತೇವಲ್ಲ, ‘ಎಂಥ’ ಬರುವ ಕಡೆ ‘ವಾಟ್ ಎ’, ‘ಎಷ್ಟು’ ಬರುವ ಕಡೆ ‘ಹೌ’. ಬಹುತೇಕ ಕಡೆ ಇಷ್ಟೇ ಸಾಕು.

ಹಂಪಿಗೆ ಬರೋಣ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಹೊರದೇಶದವರ ಓಡಾಟದಿಂದ ಇಲ್ಲಿ ಗೈಡ್, ಆಟೊ, ಹೋಂಸ್ಟೇ, ಹೋಟೆಲ್ ಕೆಲಸಗಳು ಹುಟ್ಟಿಕೊಂಡಿವೆ. ನಮ್ಮ ವಯಸ್ಸಿನ ಎಷ್ಟೋ ಜನ ಅದರಲ್ಲೇ ಇದ್ದಾರೆ. ‘ಕಮ್ ಸರ್, ಸಿಟ್ ಸರ್, ಸೀ ದಿಸ್ ಸರ್’ ಎಂಬ ಮಾತು ಅಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಅದರಲ್ಲಿ ವ್ಯಾಕರಣದ ತಪ್ಪಿಲ್ಲ, ಮೂರೂ ಇಂಪೆರೆಟಿವ್ ವಾಕ್ಯಗಳೇ. ಆದರೂ ಇಂಗ್ಲಿಷ್ ಮಾತೃಭಾಷೆಯವರಿಗೆ ಅದು ಸ್ವಲ್ಪ ಒರಟಾಗಿ ಕೇಳುತ್ತದೆ. ನಮ್ಮ ಕಡೆ ‘ಬಾ’ ಬೇರೆ, ‘ಬರ್ರಿ’ ಬೇರೆ. ಆ ಒಂದು ‘ರಿ’ಯಲ್ಲಿ ಮರ್ಯಾದೆಯೆಲ್ಲ ಇದೆ. ಇಂಗ್ಲಿಷ್‌ನ ಕ್ರಿಯಾಪದಕ್ಕೆ ‘ರಿ’ ಇಲ್ಲ. ಆ ಕೊರತೆಯನ್ನು ಹುಡುಗರು ‘ಸರ್’ ಹಚ್ಚಿ ತುಂಬಿಕೊಳ್ಳುತ್ತಿದ್ದಾರೆ, ಜಾಣತನವೇ. ಇಂಗ್ಲಿಷ್‌ನವರು ಅದನ್ನು ತುಂಬಿಕೊಳ್ಳುವುದು ವಾಕ್ಯದ ಜಾತಿಯನ್ನೇ ಬದಲಿಸಿ. ‘ಸಿಟ್’ ಎನ್ನುವ ಬದಲು ‘ವುಡ್ ಯೂ ಲೈಕ್ ಟು ಸಿಟ್?’ ಎನ್ನುತ್ತಾರೆ. ‘ಕಮ್’ ಬದಲು ‘ಶಲ್ ವಿ ಗೋ?’. ರೂಪ ಪ್ರಶ್ನೆಯದು, ಕೆಲಸ ಕೋರಿಕೆಯದು.

ಇದನ್ನು ನೋಟ್‌ಬುಕ್‌ನ ನಾಲ್ಕು ಹೆಸರುಗಳು ಹೇಳುವುದಿಲ್ಲ. ಹೇಳದಿದ್ದರೆ ಹೋಗಲಿ, ಪ್ರಶ್ನಾರ್ಥಕ ವಾಕ್ಯ ಎಂದರೆ ಪ್ರಶ್ನೆ ಕೇಳುವುದು, ಅಷ್ಟೇ ಎಂದು ನಂಬಿಸಿಬಿಡುತ್ತವೆ. ಬಸ್ಸಿನಲ್ಲಿ ‘ಸ್ವಲ್ಪ ಆ ಕಡೆ ಸರೀತೀರೇನ್ರಿ?’ ಎಂದಾಗ ನಾವು ಉತ್ತರಕ್ಕೆ ಕಾಯುವುದಿಲ್ಲ, ಜಾಗಕ್ಕೆ ಕಾಯುತ್ತೇವೆ. ಮಗುವಿಗೆ ಇದು ಕನ್ನಡದಲ್ಲಿ ಆಗಲೇ ಗೊತ್ತು. ಗೊತ್ತಿರುವುದನ್ನು ಇಂಗ್ಲಿಷ್‌ನತ್ತ ದಾಟಿಸುವ ಕೆಲಸವಷ್ಟೇ ಬಾಕಿ.

ಇನ್ನೊಂದು ವಿಂಗಡಣೆಯಿದೆ, ನಿಜವಾದ ಕಷ್ಟ ಇರುವುದು ಅಲ್ಲಿ: ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್. ಇದಕ್ಕೆ ನಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಅದನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು: ‘ಚೈನ್ ತುಂಡಾಗಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ನೀರು ನದಿಗೆ ಹರಿಯತೊಡಗಿದ್ದರಿಂದ ರೈತರು ಆತಂಕಗೊಂಡರು.’ ಒಂದೇ ವಾಕ್ಯ, ನಾಲ್ಕು ಘಟನೆ. ಆದರೆ ಪೂರ್ತಿ ರೂಪದ ಕ್ರಿಯಾಪದ ಒಂದೇ, ಕೊನೆಯ ‘ಆತಂಕಗೊಂಡರು’. ಉಳಿದ ಮೂರೂ ‘ಆಗಿ’, ‘ಹೋಗಿ’, ‘ತೊಡಗಿದ್ದರಿಂದ’ ಎಂದು ಅರ್ಧಕ್ಕೆ ನಿಂತು ಮುಂದಿನದರ ಕೈ ಹಿಡಿದಿವೆ. ರೈಲಿನ ಬೋಗಿಗಳ ಹಾಗೆ, ಎಂಜಿನ್ ಕೊನೆಯಲ್ಲಿ.

ಮಗು ಇದನ್ನು ಇಂಗ್ಲಿಷ್‌ಗೆ ತರುವಾಗ ‘ಚೈನ್ ಕಟಿಂಗ್, ಗೇಟ್ ಗೋಯಿಂಗ್, ವಾಟರ್ ಕಮಿಂಗ್, ಫಾರ್ಮರ್ಸ್ ಫಿಯರಿಂಗ್’ ಎನ್ನುತ್ತದೆ. ನಗು ಬರಬಹುದು. ಆದರೆ ನಮ್ಮ ಅರ್ಧ ಕ್ರಿಯಾಪದಕ್ಕೆ ಹತ್ತಿರದ ರೂಪ ಯಾವುದಿದೆ ಎಂದು ಹುಡುಕಿ ಅದು ‘ಇಂಗ್’ ಅನ್ನು ಹಿಡಿದುಕೊಂಡಿದೆ. ಇಂಗ್ಲಿಷ್‌ನಲ್ಲಿ ಒಂದೊಂದು ಘಟನೆಗೂ ಸಾಮಾನ್ಯವಾಗಿ ತನ್ನದೇ ಕರ್ತೃ, ತನ್ನದೇ ಪೂರ್ತಿ ಕ್ರಿಯಾಪದ ಬೇಕು. ಅವುಗಳ ನಡುವೆ ಕೊಂಡಿ ಬೇಕು. ಆ ಕೊಂಡಿ ‘ಅಂಡ್’, ‘ಸೋ’, ‘ವೆನ್’, ‘ಬಿಕಾಸ್’ಗಳಲ್ಲಿ ಯಾವುದು ಎಂದು ಹೇಳುವವನೇ ತೀರ್ಮಾನಿಸಬೇಕು. ‘ಚೈನ್ ತುಂಡಾಗಿ ಗೇಟ್ ಹೋಯಿತು’ ಎಂದಾಗ ತುಂಡಾದ ಮೇಲೆ ಹೋಯಿತೋ, ತುಂಡಾದದ್ದರಿಂದ ಹೋಯಿತೋ ಎಂಬುದನ್ನು ಕನ್ನಡದ ‘ಆಗಿ’ ಬಿಡಿಸಿ ಹೇಳುವುದಿಲ್ಲ. ಕೇಳುವವರು ತಿಳಿದುಕೊಳ್ಳುತ್ತಾರೆ. ಇಂಗ್ಲಿಷ್‌ನಲ್ಲಿ ‘ವೆನ್’ ಅಥವಾ ‘ಬಿಕಾಸ್’ ಎಂದು ಬಾಯಿಬಿಟ್ಟು ಹೇಳುವುದೇ ರೂಢಿ. ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಹೆಸರುಗಳ ಹಿಂದಿರುವುದು ಈ ಆಯ್ಕೆ. ಹೆಸರನ್ನು ಕಲಿಸಿ ಆಯ್ಕೆಯನ್ನು ಕಲಿಸದೆ ಬಿಟ್ಟರೆ ಏನು ಉಳಿಯುತ್ತದೆ?

ಉಳಿಯುವುದು ರಜೆ ಅರ್ಜಿ. ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಐ ಆ್ಯಮ್ ಅನೇಬಲ್ ಟು ಅಟೆಂಡ್ ದ ಕ್ಲಾಸ್’ ಎಂಬ ಸಾಲು ಬಾಯಿಪಾಠ ಮಾಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅಚ್ಚುಕಟ್ಟಾದ ಕಾಂಪ್ಲೆಕ್ಸ್ ವಾಕ್ಯ ಅದು. ಅಕ್ಕನ ಮದುವೆಗೆ ರಜೆ ಬೇಕಾದರೂ ಜ್ವರವನ್ನೇ ಬರೆಸಿಕೊಳ್ಳುತ್ತದೆ, ಯಾಕೆಂದರೆ ‘ಆ್ಯಸ್’ ನಂತರ ಬೇರೆ ಏನು ಹಾಕಬಹುದು ಎಂದು ಯಾರೂ ಹೇಳಿಕೊಟ್ಟಿಲ್ಲ.

ತಮಾಷೆಯೆಂದರೆ ಅದೇ ಶಾಲಾ ವ್ಯವಸ್ಥೆಯಲ್ಲಿ ಕನ್ನಡದ ಮೇಷ್ಟ್ರು ಪ್ರೌಢಶಾಲೆಯಲ್ಲಿ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ಇದೇ ಮೂರನ್ನು ಕಲಿಸುತ್ತಾರೆ. ಇಂಗ್ಲಿಷ್ ಮೇಡಂ ಪಕ್ಕದ ಕೊಠಡಿಯಲ್ಲಿ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎನ್ನುತ್ತಾರೆ. ಎರಡೂ ಒಂದೇ ಮಗುವಿನ ತಲೆಯಲ್ಲಿ ಒಂದನ್ನೊಂದು ಭೇಟಿಯಾಗದೆ ಉಳಿಯುತ್ತವೆ. ಕನ್ನಡದ ವಾಕ್ಯವನ್ನು ಕನ್ನಡದ ರೀತಿಯಲ್ಲೇ ನೋಡಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ವಾದಿಸಿದ್ದಾರೆ. ಕನ್ನಡದ ಒಳಿತಿಗಾಗಿ ಹೇಳಿದ ಆ ಮಾತು ಇಂಗ್ಲಿಷ್ ಪಾಠಕ್ಕೂ ಉಪಯೋಗವಾಗುತ್ತದೆ. ನಮ್ಮ ವಾಕ್ಯ ಹೇಗೆ ನಡೆಯುತ್ತದೆ ಎಂಬುದು ಸ್ಪಷ್ಟವಾದರೆ ಇಂಗ್ಲಿಷ್ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಎಂಬುದು ಕಾಣುತ್ತದೆ.

‘ಎಲ್ಲ ಮಕ್ಕಳ ಮನೆಮಾತು ಕನ್ನಡವೇ?’ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಸಂಡೂರಿನ ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ. ಆ ಸಮುದಾಯದ ಕಸೂತಿ 2023ರ ಜುಲೈನಲ್ಲಿ ಹಂಪಿಯ ಜಿ–20 ಸಭೆಯ ವೇಳೆ ಗಿನ್ನೆಸ್ ದಾಖಲೆಗೆ ಹೋಯಿತು, ಆದರೆ ಆ ಮಕ್ಕಳಿಗೆ ಶಾಲೆಯ ಇಂಗ್ಲಿಷ್ ಮೂರನೇ ಭಾಷೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಡಿಮೆ. ಕಂಪ್ಲಿ ಕಡೆ ತೆಲುಗು ಮನೆಗಳಿವೆ, ಹೊಸಪೇಟೆಯಲ್ಲಿ ಉರ್ದು ಮನೆಗಳಿವೆ. ತೆಲುಗಿನ ವಾಕ್ಯ ಹೆಚ್ಚುಕಡಿಮೆ ಕನ್ನಡದ ಹಾದಿಯಲ್ಲೇ ನಡೆಯುವುದರಿಂದ ಅಲ್ಲಿ ತೊಂದರೆಯಿಲ್ಲ. ಪುಸ್ತಕದ ಉರ್ದುವಿನಲ್ಲಿ ‘ಕಿ’ ಎಂಬ ಕೊಂಡಿಯಿದೆ, ಇಂಗ್ಲಿಷ್‌ನ ‘ದಟ್’ ಕೂರುವ ಜಾಗದಲ್ಲೇ ಕೂರುತ್ತದೆ. ಆದರೆ ನಮ್ಮ ಕಡೆಯ ದಖನಿಯಲ್ಲಿ ಮಕ್ಕಳು ‘ಬೋಲ್ಕೆ’ ಎನ್ನುತ್ತಾರೆ, ಅದು ನಮ್ಮ ‘ಅಂತ’ದ ನೆರಳು! ಇಷ್ಟು ಶತಮಾನ ಜೊತೆಗಿದ್ದ ಭಾಷೆಗಳು ವಾಕ್ಯ ಕಟ್ಟುವ ಕ್ರಮವನ್ನೂ ಹಂಚಿಕೊಂಡಿವೆ. ಹಾಗಾಗಿ ಮನೆಮಾತನ್ನು ತರಗತಿಯೊಳಗೆ ಬಿಟ್ಟುಕೊಳ್ಳುವುದು ಅಂದುಕೊಂಡಷ್ಟು ಗೋಜಲಲ್ಲ. ಇಂಗ್ಲಿಷ್ ಪೀರಿಯಡ್‌ನಲ್ಲಿ ಬೇರೆ ಭಾಷೆ ಆಡಿದರೆ ದಂಡ ಹಾಕುವ ಶಾಲೆಗಳಿಗೆ ಮಾತ್ರ ಇದು ಗೋಜಲು.

ಹೆಸರು ಬಿಟ್ಟು ಕೆಲಸದ ಮೂಲಕ ಭಾಷೆ ಕಲಿಸುವ ಪ್ರಯೋಗ ನಮ್ಮ ನೆಲದಲ್ಲೇ ನಡೆದಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಮತ್ತು ಸಂಗಡಿಗರು ಬೆಂಗಳೂರು, ಮದ್ರಾಸ್ ಸೇರಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಟ್ಟಿಯನ್ನು ಪಕ್ಕಕ್ಕಿಟ್ಟು ಇಂಗ್ಲಿಷ್ ಕಲಿಸಿದರು. ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ‘ಈ ರೈಲು ತಪ್ಪಿದರೆ ಮುಂದಿನದು ಎಷ್ಟೊತ್ತಿಗೆ?’ ಎಂಬಂಥ ಲೆಕ್ಕ ಬಿಡಿಸಲು ಹಚ್ಚುವುದು. ಮೊದಲು ಶಿಕ್ಷಕರು ಇಡೀ ತರಗತಿಯ ಜೊತೆ ಒಂದನ್ನು ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಇಂದು ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ಇದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. 1987ರಲ್ಲಿ ಪ್ರಭು ಇದರ ಬಗ್ಗೆ ಪುಸ್ತಕ ಬರೆದರು. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಅದರ ಮೌಲ್ಯಮಾಪನ ಮಾಡಿದಾಗ ಅರ್ಥಗ್ರಹಿಕೆಯಲ್ಲಿ, ಸಂದರ್ಭದೊಳಗಿನ ವ್ಯಾಕರಣದಲ್ಲಿ ಈ ಮಕ್ಕಳು ಮುಂದಿದ್ದರು. ಆದರೆ ಅದನ್ನು ಸಾಮಾನ್ಯ ಶಿಕ್ಷಕರ ಕೈಗೆ ಕೊಟ್ಟಾಗ ಅಷ್ಟು ಸಲೀಸಾಗಿ ಒಗ್ಗಲಿಲ್ಲ ಎಂಬುದೂ ಮುಂದೆ ಗೊತ್ತಾಯಿತು. ಆ ವಿಧಾನದಲ್ಲಿ ಶಿಕ್ಷಕರು ಇಂಗ್ಲಿಷ್‌ನಲ್ಲಿ ತಡವರಿಸದೆ ಮಾತಾಡಬೇಕು. ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿರುವ, ಒಬ್ಬರೇ ಮೂರು ವಿಷಯ ನೋಡುವ ಶಾಲೆಗೆ ಅದನ್ನು ಇದ್ದ ಹಾಗೇ ತರುತ್ತೇವೆ ಎನ್ನುವುದು ಮಾತಿನಲ್ಲಷ್ಟೇ ಚೆಂದ.

ನನ್ನ ಅಭಿಪ್ರಾಯದಲ್ಲಿ ವ್ಯಾಕರಣವನ್ನೇ ಬಿಡಬೇಕು ಎನ್ನುವವರದೂ ಅತಿಯಾಯಿತು. ಹನ್ನೆರಡು ಹದಿಮೂರರ ವಯಸ್ಸು ಭಾಷೆಯನ್ನು ಬಿಚ್ಚಿ ನೋಡಲು ತಕ್ಕ ವಯಸ್ಸೇ. ಹೆಸರುಗಳೂ ಬೇಕು, ತಪ್ಪಾದ ಜಾಗವನ್ನು ತೋರಿಸಲು ಶಿಕ್ಷಕರಿಗೆ ಒಂದು ಪದ ಬೇಕಲ್ಲ. ಮೊದಲು ವಾಕ್ಯದಿಂದ ಕೆಲಸ ಮಾಡಿಸಲಿ, ಕನ್ನಡದ ವಾಕ್ಯದ ಪಕ್ಕ ಇಟ್ಟು ನೋಡಲಿ, ಕೊನೆಗೆ ಹೆಸರು ಹೇಳಲಿ. ಈಗ ನಡೆಯುತ್ತಿರುವುದು ತಲೆಕೆಳಗು, ಯಾಕೆಂದರೆ ಹೆಸರನ್ನು ಪರೀಕ್ಷೆಯಲ್ಲಿ ಕೇಳುವುದು ಸುಲಭ, ಅಂಕ ಹಾಕುವುದು ಇನ್ನೂ ಸುಲಭ.

ಇದರ ಬೆಲೆ ತೆರುವುದು ಇಪ್ಪತ್ತು ದಾಟಿದ ಮೇಲೆ, ನಾವು. 2021ರಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಕೇಂದ್ರ ಹಣಕಾಸು ಸಚಿವಾಲಯ ಹೇಳಿದಾಗ ಎಲ್ಲರಿಗೂ ಖುಷಿಯಾಯಿತು. ಆದರೆ ಪ್ರಿಲಿಮ್ಸ್‌ನ 100 ಅಂಕಗಳಲ್ಲಿ ಇಂಗ್ಲಿಷ್‌ನ 30 ಅಂಕ ಇಂಗ್ಲಿಷ್‌ನಲ್ಲೇ ಉಳಿದವು. ಎಸ್ಎಸ್‌ಸಿ ಪರೀಕ್ಷೆಗಳಲ್ಲೂ ಹಾಗೆಯೇ. ತಪ್ಪು ಹುಡುಕಿ, ವಾಕ್ಯದ ತುಂಡುಗಳನ್ನು ಜೋಡಿಸಿ, ಸರಿಯಾದ ಕೊಂಡಿ ಆರಿಸಿ ಎಂದು ಅಲ್ಲಿ ಕೇಳುವುದೆಲ್ಲ ಏಳನೇ ತರಗತಿಯಲ್ಲಿ ಬಿಟ್ಟುಬಂದ ಪಾಠವೇ. ಕೋಚಿಂಗ್ ಸೆಂಟರ್‌ಗಳು ಅದನ್ನೇ ‘ಟ್ರಿಕ್ಸ್’ ಎಂದು ಮಾರುತ್ತವೆ.

ಪರೀಕ್ಷೆ ಬರೆಯದವರಿಗೂ ಬಿಡುಗಡೆಯಿಲ್ಲ. ಸಂಡೂರು ತಾಲ್ಲೂಕಿನ ಗಣಿಗಳಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಹುಡುಗರು ಹೋಗುತ್ತಾರೆ. ಯಾವುದೇ ಯಂತ್ರದ ಕೈಪಿಡಿಯಲ್ಲಿ ಸಿಗಬಹುದಾದ ಒಂದು ವಾಕ್ಯ ನೋಡಿ: ‘ಡು ನಾಟ್ ಓಪನ್ ದ ಕವರ್ ಅನ್‌ಲೆಸ್ ದ ಪವರ್ ಈಸ್ ಆಫ್.’ ನಾವಾದರೆ ‘ಕರೆಂಟ್ ತೆಗೆಯುವ ತನಕ ಮುಚ್ಚಳ ತೆಗೆಯಬೇಡ’ ಎನ್ನುತ್ತೇವೆ. ಕನ್ನಡದಲ್ಲಿ ಷರತ್ತು ಮೊದಲು, ಆಜ್ಞೆ ಕೊನೆಗೆ. ಇಂಗ್ಲಿಷ್‌ನಲ್ಲಿ ಆಜ್ಞೆ ಮೊದಲು ಬಂದು ಷರತ್ತು ಬಾಲದಲ್ಲಿ ಬಂತು, ಅದೂ ‘ಇಲ್ಲ’ ಎಂಬುದನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ‘ಅನ್‌ಲೆಸ್’ ಜೊತೆ. ಇದನ್ನು ಅರೆಬರೆ ಓದಿದವನ ಕೈ ಎಲ್ಲಿರುತ್ತದೆ ಎಂದು ಯೋಚಿಸಿದರೆ ಇಂಪೆರೆಟಿವ್ ವಾಕ್ಯದ ಪಾಠ ಎರಡು ಅಂಕದ್ದು ಅನಿಸುವುದಿಲ್ಲ.

2022ರಲ್ಲಿ 6ರಿಂದ 8ನೇ ತರಗತಿಗೆಂದು 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ನೇಮಕಾತಿ ನಡೆದಾಗ ಅದರಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆಗಳೂ ಇದ್ದವು. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಮುಂದಿನ ನೇಮಕಾತಿಗೆ ಬಿ.ಇಡಿ., ಟಿಇಟಿ ಮುಗಿಸಿ ಕಾದಿರುವವರು ಈ ಪುಟ ಓದುವವರಲ್ಲೇ ಇದ್ದೀರಿ. ಕಾಯುವ ಹೊತ್ತಿನಲ್ಲಿ ಸಂಜೆ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುವವರೂ ಇದ್ದೀರಿ. ಯಾವ ಇಲಾಖೆಯ ಆದೇಶವೂ ಬೇಡದ ಒಂದು ಪಾಠವನ್ನು ಇವತ್ತೇ ಮಾಡಬಹುದು. ಕನ್ನಡ ಪತ್ರಿಕೆಯ ಒಂದು ಉದ್ದನೆಯ ವಾಕ್ಯ ಕತ್ತರಿಸಿ ಕೊಡಿ. ‘ಇದರಲ್ಲಿ ಎಷ್ಟು ಘಟನೆ ನಡೆದಿವೆ?’ ಎಂದು ಎಣಿಸಲು ಹೇಳಿ. ಒಂದೊಂದು ಘಟನೆಗೂ ಒಂದು ಪುಟ್ಟ ಇಂಗ್ಲಿಷ್ ವಾಕ್ಯ, ಯಾರು, ಏನಾಯಿತು, ಅಷ್ಟೇ. ಆಮೇಲೆ ಅವುಗಳ ನಡುವೆ ಯಾವ ಕೊಂಡಿ ಎಂದು ಜಗಳಾಡಲು ಬಿಡಿ.

ಕಂಪ್ಲಿಯ ಮಕ್ಕಳಿಗೆ ವಾಕ್ಯ ಹುಡುಕುವ ಶ್ರಮವೂ ಇಲ್ಲ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಗಂಗಾವತಿ ಕಡೆಯ ಸೇತುವೆ ಮುಳುಗಿ ಸಂಚಾರ ನಿಲ್ಲುವುದನ್ನು ನೋಡುತ್ತಲೇ ಬೆಳೆದವರು ಅವರು. ‘ನೀರು ಬಿಟ್ಟರೆ ಸೇತುವೆ ಮುಳುಗುತ್ತದೆ.’ ಆ ‘ರೆ’ಯನ್ನು ಬಿಡಿಸಿ ಮುಂದಕ್ಕೆ ತಂದರೆ ‘ಇಫ್’. ‘ಬಿಟ್ಟಾಗ’ದ ‘ಆಗ’ವನ್ನು ತಂದರೆ ‘ವೆನ್’. ‘ಬಿಟ್ಟರೂ’ ಎಂದರೆ? ಅಲ್ಲಿ ಮಕ್ಕಳು ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳುತ್ತಾರೆ. ‘ಈವನ್ ಇಫ್’ ಅನ್ನು ಆಗ ಹೇಳಿದರೆ ಸಾಕು.